ಸರಿ ಮಾಡದೆ ಬಿಟ್ಟ ತಪ್ಪು

"ಒಂದು ಕೈ ಕಡಿಮೆ ಬೀಳ್ತಿದೆ, ಯಾರಾದ್ರೂ ಬನ್ನಿ," ಎಂದು ಅಚ್ಚಿನ ಮೇಸ್ತ್ರಿ ವ್ಯಾನಿನೊಳಗಿಂದಲೇ ಕರೆದ.

ಸ್ಟ್ರೆಚರನ್ನು ಅರ್ಧ ಹೊರಗೆ ಎಳೆದಾಗಿತ್ತು. ತಲೆಯ ಕಡೆ ಮೇಸ್ತ್ರಿ ಮತ್ತು ವ್ಯಾನಿನ ಡ್ರೈವರು, ಕಾಲಿನ ಕಡೆ ಒಂದು ಹಿಡಿಗೆ ಸತ್ತವರ ಮಗಳು. ಇನ್ನೊಂದು ಹಿಡಿ ಯಾರೂ ಇಲ್ಲದೆ ವಾಲುತ್ತಿತ್ತು. ಚಿತಾಗಾರದ ಮೆಟ್ಟಿಲ ಬಳಿ ನಿಂತಿದ್ದ ಗಂಡಸರು ನೀನು ಹೋಗುತ್ತೀಯೋ ನಾನು ಹೋಗಲೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವಷ್ಟರಲ್ಲಿ ರೆಕಾರ್ಡಕ್ಕ ಕೈಚೀಲವನ್ನು ಹೆಗಲ ಮೇಲಕ್ಕೆ ಸರಿಸಿಕೊಂಡು ಬಂದು ಹಿಡಿದಳು.

ಭಾರವಿರುತ್ತದೆಂದು ಉಸಿರು ಬಿಗಿಹಿಡಿದು ಎತ್ತಿದ್ದಳು. ಕತ್ತಲಲ್ಲಿ ಇಲ್ಲದ ಮೆಟ್ಟಿಲ ಮೇಲೆ ಕಾಲಿಟ್ಟಂತಾಯಿತು. ಬಿಳಿ ಹೊದಿಕೆಯ ಕೆಳಗೆ ಒಬ್ಬ ಮನುಷ್ಯ ಇದ್ದಾನೆ ಎನ್ನುವಂತಿರಲಿಲ್ಲ.

ಒಳಗೆ ಇವರಿಗಿಂತ ಮೊದಲೇ ಬಂದ ಬೇರೆ ಎರಡು ಮನೆಯವರಿದ್ದರು. ಸರದಿ ಬರುವವರೆಗೆ ಕಾಯಬೇಕು ಎಂದರು. ದೇಹವನ್ನು ಗಾಜಿನ ಬಾಗಿಲಿನ ಆಚೆಯ ಕೋಣೆಯಲ್ಲಿ ಇರಿಸಿ, ಎಲ್ಲರೂ ಈಚೆಯ ಹಜಾರದ ಸ್ಟೀಲ್ ಕುರ್ಚಿಗಳಲ್ಲಿ ಕುಳಿತರು. ಮೇಸ್ತ್ರಿ ರೆಕಾರ್ಡಕ್ಕನ ಪಕ್ಕ ಕುಳಿತು ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಜನರ ಕಾಲಿಗೆ ಪ್ಲಾಸ್ಟರಿನ ಅಚ್ಚು ತೆಗೆಯುತ್ತ ತೆಗೆಯುತ್ತ, ಕೈಯಲ್ಲಿ ಹಿಡಿದು ತೂಕ ಹೇಳುವಷ್ಟು ಪಳಗಿದ ಕೈ ಅದು.

"ನೋಡಿದ್ಯಾ? ಹತ್ತಿ ದಿಂಬಿನ ಹಾಗಿದಾರೆ. ಪಟ್ಟಿ ಸಾರ್ ಅಂದ್ರೆ ಎಂಥ ಆಳು ಆಗಿದ್ರು. ಯಾರೂ ನಮಗೆ ಒಂದು ಮಾತು ಹೇಳ್ಲಿಲ್ಲವಲ್ಲ."

"ನಾವೂ ಕೇಳ್ಲಿಲ್ಲ," ಎಂದಳು ರೆಕಾರ್ಡಕ್ಕ.

ಮೇಸ್ತ್ರಿ ಉಗುರಿನ ಸಂದಿಯ ಪ್ಲಾಸ್ಟರ್ ಪುಡಿಯನ್ನು ಕೆರೆಯುತ್ತ ಕುಳಿತ.

ಅವರಿಬ್ಬರೂ ಕೃತಕ ಕಾಲು ಮಾಡಿಕೊಡುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವವರು. ತೀರಿಹೋದವರೂ ಅಲ್ಲಿಯವರೇ. ಮೊದಮೊದಲು ಅವರು ಕೆಳಗಿನ ಕಾರ್ಯಾಗಾರದಲ್ಲಿ ಕಾಲಿಗೆ ಕಟ್ಟುವ ಚರ್ಮದ ಪಟ್ಟಿ ಹೊಲಿಯುತ್ತಿದ್ದರು. ಒಂದು ದಿನ ದಬ್ಬಳ ಜಾರಿ ಹೆಬ್ಬೆರಳಿನ ನರ ಹೋಯಿತು. ಕೆಲಸದಿಂದ ತೆಗೆಯುವ ಮನಸ್ಸಿಲ್ಲದ ಆಗಿನ ಮುಖ್ಯಸ್ಥರು ಮಹಡಿಗೆ ಕಳಿಸಿ, ಆಗಷ್ಟೇ ಬಂದಿದ್ದ ಕಂಪ್ಯೂಟರಿನ ಮುಂದೆ ಕೂರಿಸಿದರು. ಅಲ್ಲಿ ಅವರು ರೋಗಿಗಳ ಪಟ್ಟಿ ಮಾಡತೊಡಗಿದರು. "ನೋಡ್ರಪ್ಪ, ಚರ್ಮದ್ದು ಹೋಗಿ ಹೆಸರಿಂದು ಬಂತು. ಪಟ್ಟಿ ಮಾತ್ರ ನನ್ನ ಬಿಡ್ಲಿಲ್ಲ," ಎಂದು ಅವರೇ ನಗುತ್ತಿದ್ದರು. ಹಾಗೆ ಪಟ್ಟಿ ಸಾರ್ ಎಂಬ ಹೆಸರು ನಿಂತುಬಿಟ್ಟಿತು.

*

ರೆಕಾರ್ಡಕ್ಕ ದಾಖಲೆ ವಿಭಾಗಕ್ಕೆ ಸೇರಿದ ಹೊಸತರಲ್ಲಿ ಯಾರಿಗೂ ಅಕ್ಕನಾಗಿರಲಿಲ್ಲ. ಟೈಪಿಂಗ್ ಬಿಟ್ಟರೆ ಏನೂ ಬಾರದ, ಯಾರಾದರೂ ಹಿಂದೆ ಬಂದು ನಿಂತರೆ ಬೆರಳು ನಡುಗುವ ಹುಡುಗಿಯಾಗಿದ್ದಳು. ಅವಳಿಗೆ ಪಟ್ಟಿ ಸಾರ್ ಮೊದಲು ಕಲಿಸಿದ್ದು ಕಂಪ್ಯೂಟರನ್ನಲ್ಲ. ಕಾರ್ಯಾಗಾರಕ್ಕೆ ಕರೆದುಕೊಂಡು ಹೋಗಿ, ಬೆಂಚಿನ ಮೇಲೆ ಕುಳಿತಿದ್ದ ಒಂದು ಪುಟ್ಟ ಹುಡುಗಿಯನ್ನು ತೋರಿಸಿದ್ದರು.

"ಇರೋ ಕಾಲು ಬೆಳೆಯುತ್ತೆ. ನಾವು ಕೊಟ್ಟ ಕಾಲು ಬೆಳೆಯಲ್ಲ," ಎಂದಿದ್ದರು. "ಮಕ್ಕಳು ಕುಂಟ್ತಾ ಕುಂಟ್ತಾನೇ ಅಭ್ಯಾಸ ಮಾಡ್ಕೊಂಡುಬಿಡ್ತಾರೆ. ದಿನಾ ನೋಡೋ ಅಪ್ಪ ಅಮ್ಮಂಗೆ ಅದು ಕಾಣಲ್ಲ. ಕಾಣೋ ಹೊತ್ತಿಗೆ ಬೆನ್ನು ಸೊಟ್ಟ ಆಗಿರುತ್ತೆ. ಅದಕ್ಕೇ ನಾವೇ ಮುಂದಾಗಿ ಕರೀಬೇಕು."

ಯಾರನ್ನು ಯಾವಾಗ ಕರೆಯಬೇಕು ಎಂದು ಹೇಳುವುದಕ್ಕೆ ಅವರು ಕಂಪ್ಯೂಟರಿನಲ್ಲಿ ಒಂದು ಡೇಟಾಬೇಸ್ ಕಟ್ಟಿದ್ದರು. ಅದರೊಳಗೆ ಒಂದು ಪ್ರಶ್ನೆ ಬರೆದಿಟ್ಟಿದ್ದರು. ಅದನ್ನು ಕ್ವೆರಿ ಎನ್ನುತ್ತಿದ್ದರು. ಮಗುವಿನ ವಯಸ್ಸು, ಕಡೆಯ ಅಳತೆಯ ದಿನ, ಇವತ್ತಿನ ತಾರೀಕು ಇವನ್ನು ತಾಳೆ ನೋಡಿ, ಈ ತಿಂಗಳು ಇಂತಿಂಥ ಮಕ್ಕಳು ಬರಬೇಕು ಎಂದು ಅದು ಹೇಳುತ್ತಿತ್ತು. ರೆಕಾರ್ಡಕ್ಕ ಆ ಮನೆಗಳಿಗೆ ಫೋನ್ ಮಾಡುತ್ತಿದ್ದಳು.

ಒಂದು ಬೆಳಿಗ್ಗೆ ಕ್ವೆರಿ ಓಡಲಿಲ್ಲ. ಕಂಪೈಲ್ ಎರರ್, ಅಂದರೆ ಬರೆದದ್ದರಲ್ಲಿ ಎಲ್ಲೋ ತಪ್ಪಿದೆ, ಎಂದು ಪರದೆಯ ಮೇಲೆ ಒಂದು ಚೌಕ ಎದ್ದು ಬಂತು. ಇವತ್ತಿನ ತಾರೀಕು ಕೇಳುವ ಪದದ ಕಡೆಗೆ ಬೆರಳು ತೋರಿಸಿತು. ಅವಳು ಆ ಸಾಲನ್ನು ಅಳಿಸಿ ಬರೆದಳು. ಕಂಸ ತೆಗೆದಳು, ಹಾಕಿದಳು. ಮೊದಲಿಂದ ಇಡೀ ಕ್ವೆರಿಯನ್ನೇ ತಿರುಗಿ ಟೈಪ್ ಮಾಡಿದಳು. ಊಟದ ಹೊತ್ತಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತಿದ್ದಾಗ ಪಟ್ಟಿ ಸಾರ್ ಬಂದು ಹಿಂದೆ ನಿಂತರು.

"ಏನನ್ನುತ್ತೆ?"

"ಏನೇನೋ ಅನ್ನುತ್ತೆ ಸಾರ್."

"ಏನೇನೋ ಅನ್ನಲ್ಲ ಅದು. ಒಂದೇ ಮಾತು ಅನ್ನುತ್ತೆ. ಓದು. ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ, ಸುಮ್ನೆ ಓದು."

ಓದಿದಳು.

"ಇವತ್ತಿನ ತಾರೀಕು ಗೊತ್ತಿಲ್ಲ ಅಂತಿದೆ, ಅಲ್ವಾ? ಮೂಲೆಯಲ್ಲಿ ನೋಡು, ಗಡಿಯಾರ ಓಡ್ತಿದೆ. ತಾರೀಕು ಗೊತ್ತಿದೆ ಅದಕ್ಕೆ. ಅಂದ್ಮೇಲೆ ತಪ್ಪು ತಾರೀಕಿಂದಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಬೆಳಗಿಂದ ನೀನು ಆ ಬಡ ಎಮ್ಮೆ ಮೈಯೆಲ್ಲ ಸುಟ್ಟಿದೀಯ. ಸರಿ ಆಚೆಗೆ, ಎತ್ತು ತೋರಿಸ್ತೀನಿ."

ಕುರ್ಚಿ ಎಳೆದುಕೊಂಡು ಕುಳಿತರು. ಮರಗಟ್ಟಿದ ಹೆಬ್ಬೆರಳನ್ನು ಎತ್ತಿ ಹಿಡಿದುಕೊಂಡೇ ಮೌಸ್ ಆಡಿಸುತ್ತಿದ್ದರು. ಕ್ವೆರಿಯ ಹಿಂದೆ ಅವಳು ಎಂದೂ ನೋಡಿರದ ಇನ್ನೊಂದು ಕಿಟಕಿ ತೆರೆಯಿತು. ಡೇಟಾಬೇಸು ಕೆಲಸ ಮಾಡಲು ನಂಬಿಕೊಂಡಿರುವ ಬೇರೆ ಕಡತಗಳೆಲ್ಲ ಅಲ್ಲಿ ಸಾಲಾಗಿದ್ದವು. ಒಂದರ ಮುಂದೆ ಮಾತ್ರ 'ಕಾಣೆಯಾಗಿದೆ' ಎಂಬ ಅರ್ಥದ ಇಂಗ್ಲಿಷ್ ಪದವಿತ್ತು. ಆ ಕಡತಕ್ಕೂ ತಾರೀಕಿಗೂ ಯಾವ ಸಂಬಂಧವೂ ಇರಲಿಲ್ಲ.

"ಒಂದು ಕಾಣೆಯಾದ್ರೆ ಸಾಕು, ಮಂಕು ಬಡಿದ ಹಾಗೆ ಕೂತ್ಬಿಡುತ್ತೆ. ತನಗೆ ಗೊತ್ತಿರೋದನ್ನೂ ಮರೆತುಬಿಡುತ್ತೆ," ಎನ್ನುತ್ತ ಅವರು ಆ ಸಾಲಿನ ಟಿಕ್ ತೆಗೆದು, ಅದೇ ಹೆಸರಿನ ಹಳೆಯ ಸಾಲಿಗೆ ಹಾಕಿದರು. ಕ್ವೆರಿ ಓಡಿತು.

"ಮತ್ತೆ ಬರುತ್ತಾ ಸಾರ್?"

"ಬರಬಹುದು. ಆ ಕಡತದ ಹಂಗೇ ಇಲ್ಲದ ಹಾಗೆ ಒಂದಷ್ಟು ಸಾಲು ತಿದ್ದಿದ್ರೆ ಇನ್ನೆಂದೂ ಬರಲ್ಲ. ಒಂದು ಬೆಳಗಿನ ಕೆಲಸ. ಬಿಡುವಾದಾಗ ಮಾಡ್ತೀನಿ."

ಆಗೆಲ್ಲ ಅದು ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ಅವರ ನಿವೃತ್ತಿ ಹತ್ತಿರವಾದಾಗ ಲೆಕ್ಕಪತ್ರ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂತು. ತಿಂಗಳ ಕೊನೆಗೆ ಚರ್ಮ, ಪ್ಲಾಸ್ಟರುಗಳ ಲೆಕ್ಕ ಹಾಕಲು ಅಲ್ಲಿಯವರು ಅದೇ ಡೇಟಾಬೇಸನ್ನು ತೆರೆಯುತ್ತಿದ್ದರು. ಹೊಸ ಕಂಪ್ಯೂಟರಿನಲ್ಲಿ ತೆರೆದಾಗ ಅದು ಯಾರನ್ನೂ ಕೇಳದೆ ಆ ಕಡತದ ಹೊಸ ರೂಪಕ್ಕೆ ಜೋತುಬೀಳುತ್ತಿತ್ತು. ರೆಕಾರ್ಡಕ್ಕನ ಹಳೆಯ ಕಂಪ್ಯೂಟರಿಗೆ ಮರಳಿದಾಗ ಆ ಹೊಸದು ಅಲ್ಲಿ ಸಿಗುತ್ತಿರಲಿಲ್ಲ. ಹೀಗೆ ತಪ್ಪು ತಿಂಗಳ ನೆಂಟನಾಯಿತು. ಟಿಕ್ ತೆಗೆಯುವುದು, ಹಾಕುವುದು ಅವಳಿಗೆ ಕಣ್ಣುಮುಚ್ಚಿ ಬರತೊಡಗಿತು.

*

ಹಜಾರದಲ್ಲಿ ಫ್ಯಾನು ಕಿರ್ ಎನ್ನುತ್ತಿತ್ತು. ಮೊದಲ ಮನೆಯವರು ಎದ್ದು ಒಳಗೆ ಹೋದರು. ಪಟ್ಟಿ ಸಾರ್ ಹೆಂಡತಿ, ಬಂದವರನ್ನೆಲ್ಲ ಮಾತಾಡಿಸಿಕೊಂಡು, ರೆಕಾರ್ಡಕ್ಕನ ಎದುರಿನ ಕುರ್ಚಿಗೆ ಬಂದು ಕುಳಿತರು. ಅತ್ತು ಮುಗಿದ ಮುಖ. ಹೆಗಲ ಮೇಲೆ ಗಂಡನ ಉಲ್ಲನ್ ಸ್ವೆಟರು. ಸೆಕೆಯಲ್ಲೂ ಅದನ್ನು ತೆಗೆದಿರಲಿಲ್ಲ.

"ಬಂದ್ಯಲ್ಲಮ್ಮ. ನಿನಗೆ ರಜಾ ಸಿಕ್ತಾ?"

"ಸಿಕ್ತು ಅಮ್ಮಾ," ಎಂದಳು. ರಜೆ ಕೇಳಿಯೇ ಇರಲಿಲ್ಲ. ಮೇಸ್ತ್ರಿ ಮಹಡಿ ಹತ್ತಿ ಬಂದು ಸುದ್ದಿ ಹೇಳಿದ ಕೂಡಲೇ ಕುರ್ಚಿಯಿಂದ ಎದ್ದು ಬಂದಿದ್ದಳು.

"ಏನಾಗಿತ್ತು ಸಾರ್‌ಗೆ?" ಎಂದು ಮೇಸ್ತ್ರಿ ಕೇಳಿದ.

ಮಗಳು ನಿಂತಲ್ಲಿಂದಲೇ ಹೇಳಿದಳು. ಅವಳು ಶಾಲೆಯ ಬಸ್ಸು ಓಡಿಸುವವಳು. ಮಾತೂ ಗೇರು ಬದಲಿಸಿದಂತೆ ಗಟ್ಟಿ. "ಹೊಟ್ಟೆದು. ಮಳೆಗಾಲದಿಂದ್ಲೇ ಊಟ ಸೇರ್ತಿರ್ಲಿಲ್ಲ. ಆಪರೇಷನ್ ಮಾಡಿದ್ರು, ಆಮೇಲೆ ಇನ್ನೊಂದ್ಸಲ ಬೇಡ ಅಂದ್ರು. ಅಪ್ಪಂಗೂ ಬೇಡವಾಗಿತ್ತು."

"ಇಷ್ಟೆಲ್ಲ ಆದ್ರೂ ನಮಗೆ—" ಎಂದ ಮೇಸ್ತ್ರಿ.

"ಹೇಳೋಣ ಅಂದೆ," ಎಂದರು ಹೆಂಡತಿ. "ಆಫೀಸಿಗೆ ಒಂದು ಫೋನ್ ಮಾಡ್ತೀನಿ ಅಂತ ಎಷ್ಟು ಸಲ ಅಂದೆ. ಬೇಡ ಅಂದ್ರೆ ಬೇಡ. ಇವರ ಹಟ ನಿಮಗೆ ಗೊತ್ತಲ್ಲ."

ಗೊತ್ತು ಎಂಬಂತೆ ಮೇಸ್ತ್ರಿ ತಲೆಯಾಡಿಸಿದ. ಆದರೆ ಪಟ್ಟಿ ಸಾರ್ ಯಾವುದಕ್ಕೂ ಹಟ ಹಿಡಿದದ್ದನ್ನು ರೆಕಾರ್ಡಕ್ಕ ಕಂಡಿರಲಿಲ್ಲ. ಅವಳು ಗಾಜಿನ ಬಾಗಿಲ ಕಡೆ ನೋಡಿದಳು.

*

ಅವರು ನಿವೃತ್ತರಾದ ವರ್ಷವೇ ಅವಳ ಅಮ್ಮ ತೀರಿಕೊಂಡದ್ದು. ಅಮ್ಮ ಹಾಸಿಗೆ ಹಿಡಿದು ಬಹಳ ಕಾಲವಾಗಿತ್ತು. ಆಫೀಸು, ಆಸ್ಪತ್ರೆ, ಮನೆ ಎಂದು ಓಡಿ ಓಡಿ ಅವಳ ಮದುವೆಯ ಮಾತು ಎಲ್ಲೋ ದಾರಿಯಲ್ಲಿ ಬಿದ್ದುಹೋಗಿತ್ತು. ಅಮ್ಮ ಹೋದ ಮೇಲೆ ಆ ಮನೆಯಲ್ಲಿ ಅವಳೊಬ್ಬಳೇ.

ರಜೆ ಮುಗಿಸಿ ಆಫೀಸಿಗೆ ಮರಳಿದ ವಾರವೇ ತಿಂಗಳ ಕೊನೆ ಬಂತು. ಕಂಪೈಲ್ ಎರರ್ ಎದ್ದು ಬಂತು. ಅವಳು ಅದನ್ನು ನೋಡುತ್ತ ಕುಳಿತಳು. ಪ್ರತಿ ತಿಂಗಳೂ ತಾನೇ ಸರಿಮಾಡುತ್ತಿದ್ದುದು ಗೊತ್ತು, ಆದರೆ ಹೇಗೆ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಯಾವ ಕಿಟಕಿ, ಯಾವ ಸಾಲು, ಏನೂ ನೆನಪಾಗಲಿಲ್ಲ. ಕೊನೆಗೆ ಪಟ್ಟಿ ಸಾರ್ ಮನೆಗೆ ಫೋನ್ ಮಾಡಿದಳು.

"ಓದು," ಎಂದರು ಆ ಕಡೆಯಿಂದ. "ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡ. ಸುಮ್ನೆ ಓದು."

ಅವಳು ಒಂದೇ ಸಾಲನ್ನು ಎರಡೆರಡು ಸಲ ತಡವರಿಸಿ ಓದಿದಳು. ಅವರು ಅವಸರ ಮಾಡಲಿಲ್ಲ. ಒಂದೊಂದೇ ಹೆಜ್ಜೆ ಹೇಳಿಕೊಟ್ಟು ಸರಿಮಾಡಿಸಿದರು. ಸರಿಯಾದ ಮೇಲೂ ಫೋನ್ ಇಡದೆ, "ಊಟ ಗೀಟ ಮಾಡ್ತಿದೀಯಾ? ನಿನ್ನೆ ರಾತ್ರಿ ಏನು ಅಡುಗೆ?" ಎಂದು ಕೇಳಿದರು.

"ಬ್ರೆಡ್ಡು ಸಾರ್."

"ಬ್ರೆಡ್ಡು ಅಡುಗೆನಾ?"

ಫೋನ್ ಇಟ್ಟ ಮೇಲೆ ಅವಳಿಗೆ ಉಳಿದದ್ದು ಅವರ ದನಿ. ಎಷ್ಟೋ ದಿನದಿಂದ ಯಾರೂ ತಮ್ಮನ್ನು ಏನೂ ಕೇಳಿಲ್ಲ ಎನ್ನುವಂತಿತ್ತು ಆ ದನಿ. ಮಹಡಿಯಲ್ಲಿ ಎಲ್ಲರಿಗೂ ಬೇಕಾಗಿದ್ದ ಮನುಷ್ಯ ಈಗ ಮನೆಯಲ್ಲಿ ಪತ್ರಿಕೆ ಮಡಿಸಿಡುತ್ತ ಕುಳಿತಿರುತ್ತಾರೆ, ಪಾಪ, ಎನಿಸಿತು. ಮುಂದಿನ ತಿಂಗಳು ಅವಳಿಗೆ ಎಲ್ಲ ನೆನಪಿತ್ತು. ಆದರೂ ಫೋನ್ ಮಾಡಿದಳು. ಗೊತ್ತಿಲ್ಲದವಳಂತೆ ಓದಿದಳು. ಅವರು ಹೇಳಿದಂತೆ ಮಾಡಿದಳು.

ಹಾಗೇ ನಡೆಯಿತು. ತಿಂಗಳ ಕೊನೆಯ ದಿನ, ಕಾಫಿಯ ಹೊತ್ತಾದ ಮೇಲೆ. ತಪ್ಪಿನ ಮಾತು ಬೇಗ ಮುಗಿಯುತ್ತಿತ್ತು. ಆಮೇಲೆ ಮಗಳು ಬಸ್ಸಿನ ಲೈಸೆನ್ಸಿಗೆ ಓಡಾಡಿದ್ದು, ಅವರ ಮಂಡಿನೋವು, ಇವಳ ಮನೆಯ ಸೋರುವ ನಲ್ಲಿ. ಕೊನೆಗೆ ತಪ್ಪದೆ, ನಿನ್ನೆ ರಾತ್ರಿ ಏನು ಅಡುಗೆ? ಪ್ರತಿ ಸಲವೂ ಬ್ರೆಡ್ಡು ಎನ್ನಲು ನಾಚಿಕೆಯಾಗಿ ಅವಳು ತಿಂಗಳ ಕೊನೆಯ ಹಿಂದಿನ ಸಂಜೆ ತರಕಾರಿ ತಂದು ಒಲೆ ಹಚ್ಚತೊಡಗಿದಳು. ಮಾಡಿದ್ದು ಮಿಕ್ಕಿ ಮರುದಿನಕ್ಕೂ ಆಗುತ್ತಿತ್ತು. ಬರಬರುತ್ತ ತಿಂಗಳ ನಡುವೆಯೂ ಒಲೆ ಉರಿಯತೊಡಗಿತು.

ಒಮ್ಮೆ ಒಬ್ಬ ತಾಯಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಎದುರಿಗೇ ಕಾಯುತ್ತಿದ್ದಳು. ರೆಕಾರ್ಡಕ್ಕ ಮೊದಲು ತಪ್ಪನ್ನು ತಾನೇ ಸರಿಮಾಡಿ ಅವಳನ್ನು ಕಳಿಸಿ, ಆಮೇಲೆ ಫೋನ್ ಮಾಡಿದಳು. ಎರರನ್ನು ಬಾಯಿಪಾಠದಿಂದ ಓದಿದಳು. ಅವರು ಹೇಳುತ್ತಿದ್ದ ಹಾಗೆ ಸುಮ್ಮಸುಮ್ಮನೆ ಕೀಲಿಗಳನ್ನು ಒತ್ತುತ್ತಿದ್ದಳು.

"ಮೌಸಲ್ಲಿ ಮಾಡೋ ಕೆಲಸಕ್ಕೆ ಟೈಪಿಂಗ್ ಶಬ್ದ ಜೋರಾಗಿದೆಯಲ್ಲ?" ಎಂದರು ಅವರು.

"ಪಕ್ಕದವರು ಸಾರ್."

"ಹೂಂ. ಪಕ್ಕದವರು ಚುರುಕಾಗಿದಾರೆ," ಎಂದು ನಕ್ಕು, ಅಡುಗೆಯ ವಿಚಾರಕ್ಕೆ ಹೋದರು.

ಕೆಳಗೆ ಕಾರ್ಯಾಗಾರದಲ್ಲಿ ಊಟಕ್ಕೆ ಕುಳಿತಾಗ ಅವಳು ಇದನ್ನು ಮೇಸ್ತ್ರಿಗೆ ಹೇಳಿ ನಕ್ಕಿದ್ದಳು. "ಏನೋ, ಅವರಿಗೂ ಹೊತ್ತು ಹೋಗಲಿ ಅಂತ," ಎಂದಿದ್ದಳು. ಆ ಮಾತಿನಲ್ಲಿ ತಾನು ಒಳ್ಳೆಯವಳು ಎಂಬ ಸಣ್ಣ ಹೆಮ್ಮೆಯಿತ್ತು.

ಹೋದ ವರ್ಷದ ಬೇಸಿಗೆಯಲ್ಲಿ ಕಂಪ್ಯೂಟರ್ ರಿಪೇರಿಯವನು ಬೇರೇನೋ ಕೆಲಸಕ್ಕೆ ಬಂದಿದ್ದ. ತಿಂಗಳ ಕೊನೆಯಾದ್ದರಿಂದ ಎರರಿನ ಚೌಕ ಪರದೆಯ ಮೇಲೇ ಇತ್ತು. "ಇದೇನು ಮೇಡಂ, ಇದನ್ನ ಇಟ್ಕೊಂಡು ಹೇಗೆ ಬಾಳ್ತಿದೀರ?" ಎನ್ನುತ್ತ ಕುಳಿತ. ಬಿಡಿ, ಇರಲಿ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ತಪ್ಪನ್ನು ಇರಲಿ ಬಿಡಿ ಎಂದು ಯಾರಿಗಾದರೂ ಹೇಗೆ ಹೇಳುವುದು? ಅವಳ ಟೀ ಆರುವಷ್ಟರಲ್ಲಿ ಅವನು ಸಾಲುಗಳನ್ನು ತಿದ್ದಿ, ಆ ಕಡತದ ಹಂಗೇ ಇಲ್ಲದಂತೆ ಮಾಡಿ ಎದ್ದುಹೋದ. ಕ್ವೆರಿ ಓಡಿತು.

ಆ ತಿಂಗಳು ಕೆಲಸ ಹೆಚ್ಚಿತ್ತು. ಒಂದು ಫೋನ್ ಉಳಿಯಿತಲ್ಲ ಎಂದು ಹಗುರವೂ ಆಯಿತು. ಮುಂದಿನ ತಿಂಗಳ ಕೊನೆಗೆ ಕ್ವೆರಿ ಒಂದೇ ಏಟಿಗೆ ಓಡಿದಾಗ ಅವಳ ಕೈ ಫೋನಿನ ಮೇಲಿತ್ತು. ಏನಂತ ಹೇಳುವುದು? ಸರಿಯಾಗಿದೆ ಎನ್ನಲು ಫೋನ್ ಮಾಡಿದರೆ, ಇಷ್ಟು ದಿನ ಬೇರೆಯವರಿಂದ ಮಾಡಿಸಬಹುದಿತ್ತಲ್ಲ ಎಂದು ನೊಂದುಕೊಂಡಾರು. ಆಗಿಲ್ಲ ಎಂದು ಸುಳ್ಳು ಹೇಳಿದರೆ ಅವರು ಕಂಡುಹಿಡಿದಾರು. ಸುಮ್ಮನೆ ಮಾತಾಡಲು ಮಾಡಿದೆ ಎನ್ನುವಷ್ಟು ಸಲಿಗೆ ತಮ್ಮಿಬ್ಬರಲ್ಲಿ ಇದೆಯೇ ಎಂಬುದು ಅವಳಿಗೆ ತಿಳಿಯಲಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದುಕೊಂಡಳು. ಆಮೇಲೆ ಇಷ್ಟು ದಿನ ಮಾಡದವಳು ಈಗ ಹೇಗೆ ಮಾಡಲಿ ಎನಿಸಿತು. ದಿನ ಕಳೆದಂತೆ ಆ ಸಂಕೋಚವೂ ಬಲಿಯಿತು.

*

ಎರಡನೆಯ ಮನೆಯವರೂ ಒಳಗೆ ಹೋದರು. ಹಜಾರದಲ್ಲಿ ಉಳಿದವರು ಇವರೇ. ಮೇಸ್ತ್ರಿಗೆ ಮೌನ ಎಂದರೆ ಆಗದು. ದುಃಖದಲ್ಲಿರುವ ಹೆಂಗಸಿಗೆ ಏನಾದರೂ ಹಿತವಾದದ್ದನ್ನು ಹೇಳಬೇಕು ಎಂದು ಅವನು ಆಗಿನಿಂದಲೂ ತಡಕಾಡುತ್ತಿದ್ದ.

"ಅಮ್ಮಾ, ಸಾರ್ ರಿಟೈರಾದ್ರೂ ಆಫೀಸ್ ಅವರನ್ನ ಬಿಟ್ಟಿರ್ಲಿಲ್ಲ ನೋಡಿ," ಎಂದು ಶುರುಮಾಡಿದ. "ಈ ರೆಕಾರ್ಡಕ್ಕ ಬಿಡ್ಬೇಕಲ್ಲ. ತಿಂಗಳಾ ತಿಂಗಳಾ ಫೋನು. ಆ ಕಂಪ್ಯೂಟರ್ ತಪ್ಪು ಸರಿ ಮಾಡೋದು ಇವಳಿಗೆ ನೀರು ಕುಡಿದಷ್ಟು ಸಲೀಸು. ಆದ್ರೂ ಬರದವಳ ಹಾಗೆ ಕೇಳೋಳು. ಸಾರ್‌ಗೆ ಹೊತ್ತು ಹೋಗಲಿ, ತಾನಿಲ್ದೆ ಅಲ್ಲಿ ನಡೆಯಲ್ಲ ಅನ್ನೋ ಸಮಾಧಾನ ಇರಲಿ ಅಂತ. ಈ ಕಾಲದಲ್ಲಿ ಯಾರು ಮಾಡ್ತಾರೆ ಹೇಳಿ."

ರೆಕಾರ್ಡಕ್ಕನ ಕಿವಿಯವರೆಗೂ ರಕ್ತ ಏರಿತು. ಕುರ್ಚಿಯ ಸಮೇತ ನೆಲದೊಳಗೆ ಇಳಿದುಹೋದರೆ ಸಾಕು ಎನಿಸಿತು. ಎದುರು ಕುಳಿತ ಹೆಂಗಸು ಅವಳನ್ನೇ ನೋಡುತ್ತಿದ್ದರು.

"ನಿನಗೆ ಗೊತ್ತಿತ್ತಾ?"

"ಹೂಂ ಅಮ್ಮಾ."

"ಮೊದಲಿಂದ್ಲೂ?"

"ಮೊದಲ್ನೇ ಸಲ ಗೊತ್ತಿರ್ಲಿಲ್ಲ. ನಿಜವಾಗ್ಲೂ ಮರೆತುಹೋಗಿತ್ತು. ಆಮೇಲೆ ಗೊತ್ತಿತ್ತು."

ಅವರ ತುಟಿಯ ಕೊನೆಯಲ್ಲಿ ಏನೋ ನಗುವಿನಂಥದ್ದು ಮೂಡಿ, ಮೂಡಿದಲ್ಲೇ ನಿಂತಿತು. ಸ್ವೆಟರಿನ ತೋಳನ್ನು ಮಡಿಸಿದರು, ಬಿಡಿಸಿದರು.

"ಅವರಿಗೂ ಗೊತ್ತಿತ್ತಮ್ಮ," ಎಂದರು. "ನಿನಗೆ ಬರುತ್ತೆ ಅಂತ."

ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ.

"ನೀನು ಮೊದಲ್ನೇ ಸಲ ಫೋನ್ ಮಾಡಿದ್ಯಲ್ಲ, ಅವತ್ತು ಫೋನಿಟ್ಟು ಬಂದು ಹಾಗೇ ಕೂತ್ಬಿಟ್ರು. ಆ ಹುಡುಗಿ ದನಿನೇ ಸರಿಯಿಲ್ಲ ಕಣೇ ಅಂದ್ರು. ಆ ತಪ್ಪನ್ನ ಬೇರು ಸಮೇತ ಕೀಳೋದು ಇವರಿಗೆ ಬರ್ತಿತ್ತು. ಒಂದು ಬೆಳಿಗ್ಗೆ ಹೋಗಿ ಬಂದ್ರೆ ಆಗ್ತಿತ್ತು. ಹೋಗಿ ಮಾಡಿಕೊಟ್ಟು ಬನ್ನಿ ಅಂತ ನಾನೇ ಅಂದೆ. ಅದಕ್ಕೆ ಏನಂದ್ರು ಗೊತ್ತಾ? 'ಸುಮ್ನೆ ಫೋನ್ ಮಾಡು ಅಂದ್ರೆ ಅವಳು ಮಾಡೋಳಲ್ಲ, ಸಂಕೋಚದ ಹುಡುಗಿ. ಒಂದು ತಪ್ಪು ಅಂತ ಇದ್ರೆ ಮಾಡ್ತಾಳೆ. ಮನೇಲಿ ಮಾತಾಡ್ಸೋರಿಲ್ಲ. ತಪ್ಪು ಇರಲಿ ಬಿಡು' ಅಂದ್ರು."

ರೆಕಾರ್ಡಕ್ಕ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಿನ್ನ ಅಡುಗೆ ಎಲ್ಲ ನನಗೆ ಗೊತ್ತು," ಎಂದರು ಅವರು ಮೆಲ್ಲಗೆ. "ಫೋನಿಟ್ಟ ಕೂಡ್ಲೇ ಒಳಗೆ ಬಂದು ಹೇಳೋರು. ಈ ಸಲ ಬ್ರೆಡ್ ಅಲ್ಲ ಕಣೇ, ಪಲ್ಯ ಮಾಡಿದಾಳೆ ಅಂತ. ತಾವೇ ಉಂಡ ಹಾಗೆ."

ಮಗಳು ಬಂದು ಅಮ್ಮನ ಕುರ್ಚಿಯ ಹಿಂದೆ ನಿಂತಳು. ಮೇಸ್ತ್ರಿ ಎದ್ದು, ನೀರು ತರುತ್ತೇನೆ ಎಂದು ಯಾರಿಗೂ ಕೇಳಿಸದಂತೆ ಹೇಳಿ ಹೊರಗೆ ಹೋದ.

"ಆಮೇಲೆ ಯಾಕಮ್ಮ ನಿಲ್ಲಿಸಿದೆ?" ಅವರು ದೂರುವ ದನಿಯಲ್ಲಿ ಕೇಳಲಿಲ್ಲ. ತಿಳಿದುಕೊಳ್ಳಲು ಕೇಳಿದರು.

"ಸರಿಹೋಯ್ತು ಅಮ್ಮಾ."

"ಏನು, ನೀನಾ?"

"ಅಲ್ಲ," ಎಂದಳು ರೆಕಾರ್ಡಕ್ಕ. "ಕಂಪ್ಯೂಟರು. ರಿಪೇರಿಯವನು ಬಂದು ಸರಿ ಮಾಡ್ಬಿಟ್ಟ."

"ಓ."

ಅವರು ಜಾರಿದ ಸ್ವೆಟರನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ನಾವು ನೀನೇ ಸರಿಹೋದೆ ಅಂದ್ಕೊಂಡ್ವಿ."

ಗಾಜಿನ ಬಾಗಿಲಿನ ಆಚೆ ಯಾರೋ ಗಾಲಿಯ ಮಂಚವೊಂದನ್ನು ತಳ್ಳಿಕೊಂಡು ಹೋದರು. ಅದರ ಶಬ್ದ ಮೆಲ್ಲಗೆ ದೂರವಾಯಿತು.

"ಆ ಸಲ ನಿನ್ನ ಫೋನ್ ಬರಲಿಲ್ಲ ಅಂತ ಮಾರನೇ ದಿನಾನೂ ಕಾದ್ರು," ಎಂದರು. "ಸ್ನಾನ ಮಾಡಿ, ಇಸ್ತ್ರಿ ಷರಟು ಹಾಕ್ಕೊಂಡು. ಫೋನಲ್ಲಿ ಮಾತಾಡೋಕೆ ಇಸ್ತ್ರಿ ಷರಟು ಯಾಕ್ರೀ ಅಂತ ನಾನು ಯಾವಾಗ್ಲೂ ಆಡ್ಕೊಂತಿದ್ದೆ. ಮುಂದಿನ ತಿಂಗಳೂ ಬರಲಿಲ್ಲ. ನೀವೇ ಮಾಡಿ ಅಂದೆ. 'ಬೇಡ. ಬರಲಿಲ್ಲ ಅಂದ್ರೆ ಚೆನ್ನಾಗಿದಾಳೆ ಅಂತ. ಚೆನ್ನಾಗಿರೋಳನ್ನ ಯಾಕೆ ಕೆದಕೋದು' ಅಂದ್ರು."

"ಹುಷಾರು ತಪ್ಪಿದ ಮೇಲಾದ್ರೂ..." ರೆಕಾರ್ಡಕ್ಕನ ಮಾತು ಅಲ್ಲಿಗೇ ನಿಂತಿತು.

"ಆಗ ಇನ್ನೂ ಬೇಡ ಅಂದ್ರು. 'ಅಮ್ಮನ ಹಾಸಿಗೆ ಪಕ್ಕ ಕೂತೂ ಕೂತೂ ಸೋತಿದಾಳೆ. ಈಗಷ್ಟೇ ಎದ್ದಿದಾಳೆ. ಮತ್ತೆ ನನ್ನ ಹಾಸಿಗೆ ಪಕ್ಕ ಕೂರಿಸ್ಬೇಡ' ಅಂದ್ರು. ನಾನು ಅವರ ಮಾತು ಮೀರಬೇಕಿತ್ತು," ಎಂದು ಅವರು ಕಣ್ಣು ಮುಚ್ಚಿಕೊಂಡರು. "ನನಗೂ ಧೈರ್ಯ ಸಾಲಲಿಲ್ಲ."

ಒಂದು ಮಧ್ಯಾಹ್ನ ತಾನು ನಂಬರನ್ನು ಪೂರ್ತಿ ಒತ್ತಿ, ಆ ಕಡೆ ಗಂಟೆ ಬಾರಿಸುವ ಮುನ್ನ ಫೋನ್ ಇಟ್ಟುಬಿಟ್ಟದ್ದನ್ನು ಹೇಳಬೇಕೆಂದು ರೆಕಾರ್ಡಕ್ಕ ಬಾಯಿ ತೆರೆದಳು. ಹೇಳಿ ಯಾರಿಗೆ ಏನಾಗಬೇಕು ಎನಿಸಿತು. ಅವಳು ಕುರ್ಚಿಯಿಂದ ಎದ್ದು ಹೋಗಿ, ಅವರ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತಳು.

ಗಾಜಿನ ಬಾಗಿಲು ತೆರೆದು ಸಿಬ್ಬಂದಿಯೊಬ್ಬ ಬಂದ. "ನಿಮ್ಮವರದು," ಎಂದ.

ಈ ಸಲ ಎತ್ತಲು ಕೈಗಳು ಕಡಿಮೆ ಬೀಳಲಿಲ್ಲ. ಮೆಟ್ಟಿಲ ಬಳಿ ನಿಂತಿದ್ದ ಗಂಡಸರೆಲ್ಲ ಬಂದರು. ಮಗಳು ಅಪ್ಪನ ಹಣೆಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವಳಂತೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಹೆಂಡತಿ ಹೊದಿಕೆಯನ್ನು ಎದೆಯವರೆಗೆ ಎಳೆದು ಅಂಚನ್ನು ನೇರಮಾಡಿದರು. ರೆಕಾರ್ಡಕ್ಕ ಕಾಲಿನ ಕಡೆ ನಿಂತಿದ್ದಳು. ಕಬ್ಬಿಣದ ಬಾಗಿಲು ಮೇಲಕ್ಕೆ ಸರಿಯಿತು, ಒಳಗಿನ ಕಾವು ಮುಖಕ್ಕೆ ಬಡಿಯಿತು, ಬಾಗಿಲು ಕೆಳಗೆ ಇಳಿಯಿತು. ಮೇಸ್ತ್ರಿ ದೊಡ್ಡ ದನಿಯಲ್ಲಿ ಅಳುತ್ತಿದ್ದ. ಹೆಂಗಸರೇ ಅವನನ್ನು ಹೊರಗೆ ಕರೆತರಬೇಕಾಯಿತು.

ಮರಳುವುದಕ್ಕೆ ಮಗಳು ತನ್ನ ಬಸ್ಸನ್ನೇ ತಂದಿದ್ದಳು. ಶಾಲೆಗೆ ಅಂದು ರಜೆ. ಒಂದು ದಿನದ ಮಟ್ಟಿಗೆ ಒಯ್ಯಿ ಎಂದು ಶಾಲೆಯವರು ಕೊಟ್ಟಿದ್ದರು. ದೊಡ್ಡವರೆಲ್ಲ ಮಕ್ಕಳ ಸೀಟುಗಳಲ್ಲಿ ಮಂಡಿ ಎದೆಗೆ ತಾಗುವಂತೆ ಮುದುರಿ ಕುಳಿತರು. ರೆಕಾರ್ಡಕ್ಕ ಮತ್ತು ಪಟ್ಟಿ ಸಾರ್ ಹೆಂಡತಿ ಎರಡನೆಯ ಸಾಲಿನಲ್ಲಿದ್ದರು. ಕಿಟಕಿಯ ಗಾಜಿನ ಮೇಲೆ ಯಾವುದೋ ಮಗು ಬೆರಳಿನಿಂದ ಬರೆದ ಗೆರೆಗಳು ಧೂಳಿನಲ್ಲಿ ಉಳಿದಿದ್ದವು.

ಬಸ್ಸು ಮುಖ್ಯರಸ್ತೆಗೆ ಇಳಿಯುವ ಹೊತ್ತಿಗೆ ಆ ಹೆಂಗಸಿನ ತಲೆ ತೂಗತೊಡಗಿತ್ತು. ಎಷ್ಟು ರಾತ್ರಿಗಳ ನಿದ್ದೆಯೋ. ಒಂದು ತಿರುವಿನಲ್ಲಿ ಅದು ವಾಲಿ ರೆಕಾರ್ಡಕ್ಕನ ಹೆಗಲ ಮೇಲೆ ಬಂದು ನಿಂತಿತು. ಅವಳು ಕೈಚೀಲವನ್ನು ಇನ್ನೊಂದು ಬದಿಗೆ ಸರಿಸಿ ಹೆಗಲನ್ನು ಸ್ವಲ್ಪ ತಗ್ಗಿಸಿದಳು.

ಒಬ್ಬೊಬ್ಬರೇ ಇಳಿದರು. ಮೇಸ್ತ್ರಿ ಕಾರ್ಯಾಗಾರದ ಮುಂದೆ ಇಳಿದು, ಕಿಟಕಿಯ ಹತ್ತಿರ ಬಂದು ಏನೋ ಹೇಳಲು ಹೊರಟವನು ಒಳಗಿನ ನಿದ್ದೆ ಕಂಡು ಸುಮ್ಮನೆ ಕೈ ಎತ್ತಿದ. ಆಮೇಲೆ ಬೇಕರಿ, ಅದರಾಚೆ ನೀರಿನ ಟ್ಯಾಂಕು, ಟ್ಯಾಂಕು ದಾಟಿದರೆ ರೆಕಾರ್ಡಕ್ಕನ ಬೀದಿ. ಮಗಳು ಬೀದಿಯ ತುದಿಯಲ್ಲಿ ಬಸ್ಸು ನಿಲ್ಲಿಸಿ, ಬಾಗಿಲ ಗುಂಡಿ ಒತ್ತಿ, ಕನ್ನಡಿಯಲ್ಲಿ ಹಿಂದಕ್ಕೆ ನೋಡಿದಳು.

"ಅಕ್ಕಾ, ನಿಮ್ಮ ಸ್ಟಾಪು ಇದೇ ಅಲ್ವಾ?"

ರೆಕಾರ್ಡಕ್ಕ ಅಲುಗಾಡಲಿಲ್ಲ. ತನ್ನ ಹೆಗಲ ಮೇಲಿನ ನರೆತ ತಲೆಯನ್ನು ಕಣ್ಣಿನಿಂದಲೇ ತೋರಿಸಿ, ಮುಂದೆ ಹೋಗು ಎಂದು ಕೈಸನ್ನೆ ಮಾಡಿದಳು. ತೆರೆದ ಬಾಗಿಲಿನಿಂದ ಬೀದಿಯ ಬಿಸಿಲು ಒಳಗೆ ಬಂದು, ಖಾಲಿ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಬಿದ್ದಿತ್ತು. ಆಮೇಲೆ ಯಾರೂ ಇಳಿಯದೆ ಬಾಗಿಲು ಮುಚ್ಚಿಕೊಂಡಿತು.